ನಲವತ್ತೇಳನೇ ಪುಟ

"ಇಲ್ಲಿ ಹಲಗೆ ಸದ್ದು ಅಕ್ಕ, ಏನೂ ಕೇಳಸ್ತಿಲ್ಲ. ನೀವು ಬರ್ರಿ. ಮೂರು ಗಂಟೆಗೆ ಮಣ್ಣು," ಎಂದು ಕೂಗಿ ಹೇಳಿ ಮಾರುತೇಶ್ ಫೋನ್ ಇಟ್ಟುಬಿಟ್ಟ.

ಸುಚಿತ್ರಾ ಮತ್ತೆ ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮೂರನೇ ಸಲ ಸ್ವಿಚ್ ಆಫ್ ಎಂದಿತು. "ಪುಸ್ತಕ ಯಾರಿಗೂ ಕೊಡಬೇಡ" ಎಂದು ವಾಟ್ಸಾಪಿನಲ್ಲಿ ಬರೆದು ಕಳಿಸಿದಳು. ಒಂದು ಟಿಕ್ ಬಿತ್ತು. ಎರಡನೆಯದು ಬೀಳಲಿಲ್ಲ.

ದಾವಣಗೆರೆ ಬಿಟ್ಟ ಬಸ್ಸು ಜಗಳೂರಿನ ದಾರಿ ಹಿಡಿದು ಅರ್ಧ ಗಂಟೆಯಾಗಿತ್ತು. ಎರಡೂ ಕಡೆ ಮೆಕ್ಕೆಜೋಳ ಕೊಯ್ದ ಹೊಲಗಳು. ಅವಳ ತೊಡೆಯ ಮೇಲೆ ತೆರೆದಿದ್ದ ಪುಸ್ತಕದ ಹಾಳೆಗಳು ಕಿಟಕಿಯ ಗಾಳಿಗೆ ಎದ್ದೆದ್ದು ಬೀಳುತ್ತಿದ್ದವು. ನಲವತ್ತೇಳನೇ ಪುಟದ ಮೇಲೆ ಅವಳು ಬೆರಳು ಊರಿ ಹಿಡಿದಿದ್ದಳು.

ಪುಸ್ತಕದ ಹೆಸರು 'ಕುರಿ ಕಾಯುವವರ ಕೈಪುಸ್ತಕ'. ಬರೆದವರು ತಿಪ್ಪೇಶಪ್ಪ. ಮೊದಲ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಅಕ್ಷರ ಜೋಡಣೆ ಮತ್ತು ಪುಟ ವಿನ್ಯಾಸ: ಸುಚಿತ್ರಾ, ಚನ್ನಗಿರಿ' ಎಂದಿತ್ತು. ಪ್ರೆಸ್ಸಿನವರು ಐದು ಪ್ರತಿಗಳನ್ನು ನಿನ್ನೆ ಸಂಜೆ ಅವಳ ಅಂಗಡಿಗೆ ಕಳಿಸಿದ್ದರು. ಮದುವೆ ಕಾರ್ಡಿನ ಗಲಾಟೆಯಲ್ಲಿ ಕಟ್ಟು ಬಿಚ್ಚಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಮಾರುತೇಶ್ ಫೋನ್ ಮಾಡಿ, "ಅಪ್ಪ ಹೋಗ್ಬಿಟ್ರು ಅಕ್ಕ" ಎಂದಾಗ, ಅವರ ಕಾಲ ಬಳಿ ಇಡೋಣವೆಂದು ಒಂದು ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಿದ್ದಳು. ಮುದ್ರಣ ಹೇಗೆ ಬಂದಿದೆಯೋ ನೋಡೋಣವೆಂದು ಬಸ್ಸಿನಲ್ಲಿ ತೆರೆದಳು.

ನಲವತ್ತೇಳರಲ್ಲಿ ಹೊಟ್ಟೆಹುಳದ ಔಷಧಿಯ ಪಟ್ಟಿಯಿತ್ತು. ಎರಡು ಕಾಲಂ. ತಿಪ್ಪೇಶಪ್ಪನವರು ಬರೆದುಕೊಟ್ಟಿದ್ದ ನೋಟ್‌ಬುಕ್ಕಿನಲ್ಲಿ ಮೊದಲು ಮರಿಯ ಅಳತೆ, ಆಮೇಲೆ ದೊಡ್ಡ ಕುರಿಯ ಅಳತೆ. ಅಂಕಿಗಳು ಹಾಗೆಯೇ ಬಂದಿದ್ದವು. ಆದರೆ ತಲೆಬರಹದಲ್ಲಿ ಮೊದಲು 'ದೊಡ್ಡ ಕುರಿ', ಆಮೇಲೆ 'ಮರಿ' ಎಂದಿತ್ತು. ಪಟ್ಟಿ ನೋಡಿ ಔಷಧಿ ಕುಡಿಸಿದವರು ಮರಿಯ ಹೊಟ್ಟೆಗೆ ನಾಲ್ಕು ಪಟ್ಟು ಹೆಚ್ಚು ಸುರಿಯುತ್ತಾರೆ.

ಅವಳು ಹನ್ನೆರಡೂ ಪಟ್ಟಿಗಳನ್ನು ತಿರುವಿ ನೋಡಿದಳು. ಹನ್ನೊಂದು ಸರಿಯಿದ್ದವು. ಕಂಡಕ್ಟರ್ ಹತ್ತಿರ ಬಂದಾಗ, "ಜಗಳೂರಿಗೆ ಎಷ್ಟೊತ್ತಾಗುತ್ತೆ?" ಎಂದು ಎರಡನೇ ಸಲ ಕೇಳಿದಳು.

"ಆಗ್ಲೇ ಹೇಳಿದ್ನಲ್ಲಮ್ಮ. ಹನ್ನೆರಡು ಮುಕ್ಕಾಲು."

* * *

ತಿಪ್ಪೇಶಪ್ಪ ಅವಳ ಅಂಗಡಿಗೆ ಮೊದಲು ಬಂದದ್ದು ಪಿಂಚಣಿ ಕಾಗದ ಟೈಪ್ ಮಾಡಿಸಲು. ಪಶು ಆಸ್ಪತ್ರೆಯಲ್ಲಿ ಡಿ ದರ್ಜೆಯ ನೌಕರ. ಮೂವತ್ನಾಲ್ಕು ವರ್ಷ ಹೊನ್ನಾಳಿ, ನ್ಯಾಮತಿ ಕಡೆ ತಿರುಗಿ ಕೊನೆಗೆ ಚನ್ನಗಿರಿಯಲ್ಲಿ ನಿವೃತ್ತರಾದರು. ಸ್ವಂತ ಊರಾದ, ಜಗಳೂರಿನ ಹತ್ತಿರದ ಹಟ್ಟಿಗೆ ಹೋಗಿ ಐದು ವರ್ಷವಾದ ಮೇಲೆ, ಒಂದು ದಿನ ಬಸ್ ಸ್ಟ್ಯಾಂಡ್ ಎದುರಿನ ಅವಳ ಡಿಟಿಪಿ ಅಂಗಡಿಯಲ್ಲಿ ಮತ್ತೆ ಬಂದು ನಿಂತರು. ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನಾಲ್ಕು ನೋಟ್‌ಬುಕ್ಕುಗಳು.

"ಇದ್ನ ಪುಸ್ತಕ ಮಾಡಾಕೆ ಬರ್ತತೇನಮ್ಮ?"

"ಜಗಳೂರಲ್ಲೂ ಡಿಟಿಪಿ ಅಂಗಡಿ ಅದಾವಲ್ರಿ. ಇಷ್ಟು ದೂರ ಬಂದ್ರಾ?"

"ನನ್ ಪಿಂಚಣಿ ಕಾಗ್ದದಾಗೆ ನೀವು ಒಂದೂ ತಪ್ಪು ಮಾಡಿರ್ಲಿಲ್ಲ," ಎಂದರು.

ಸುಚಿತ್ರಾ ಮದುವೆ ಕಾರ್ಡು, ಬಿಲ್ ಪುಸ್ತಕ, ಸಂಘಗಳ ವಾರ್ಷಿಕ ವರದಿ ಮಾಡಿದ್ದಳೇ ಹೊರತು ಪುಸ್ತಕ ಮಾಡಿರಲಿಲ್ಲ. ಅದನ್ನು ಹೇಳಲಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿ ಒಂದು ಟೆಂಪ್ಲೇಟ್ ಇಳಿಸಿಕೊಂಡಳು. ಮರುವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆಯ ಮೇಲೆ ತೋರಿಸಿದಳು.

"ಇದು ಪುಸ್ತಕದ ಖಾಲಿ ಚೌಕಟ್ಟು ಇದ್ದಂಗೆ. ಹೆಸರು ಎಲ್ಲಿ ಬರ್ಬೇಕು, ಪುಟದ ನಂಬರ್ ಎಲ್ಲಿ, ಪಟ್ಟಿ ಹೆಂಗಿರ್ಬೇಕು, ಎಲ್ಲಾ ಮೊದ್ಲೇ ಕೂರ್ಸಿರ್ತಾರೆ. ನಾವು ಅಕ್ಷರ ಸುರಿದ್ರೆ ಆತು."

"ಸುರಿಯಾಕೆ ಅದೇನು ಜೋಳನಾ?" ಎಂದು ತಿಪ್ಪೇಶಪ್ಪ ನಕ್ಕರು. ಆಮೇಲೆ ಪರದೆಯ ಹತ್ತಿರ ಬಗ್ಗಿ, ನಗು ನಿಲ್ಲಿಸಿದರು. ಮೊದಲ ಪುಟದಲ್ಲಿ, ಹೆಸರು ಬರೆಯಬೇಕಾದ ಜಾಗದಲ್ಲಿ, 'ಡಾ. ಲೇಖಕರ ಹೆಸರು' ಎಂದು ಮಾದರಿಗೆ ಬರೆದಿತ್ತು.

"ಮೊದ್ಲು ಆ 'ಡಾ.' ತೆಗೀರಿ."

"ಅದು ಸುಮ್ನೆ ಐತೆ. ಆಮೇಲೆ ತೆಗಿತೀನಿ."

"ಈಗ್ಲೇ ತೆಗೀರಮ್ಮ. ಯಾರಾದ್ರೂ ನೋಡಿದ್ರೆ ಏನಂದ್ಕಂತಾರೆ?"

ಅಂಗಡಿಯಲ್ಲಿ ಅವರಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಅವಳು ತೆಗೆದ ಮೇಲೇ ಅವರು ಕುರ್ಚಿಗೆ ಒರಗಿದ್ದು. ಕುರಿಯವರೆಲ್ಲ ತಮ್ಮನ್ನು ಡಾಕ್ಟ್ರಪ್ಪ ಎನ್ನುತ್ತಾರೆ, ಎಷ್ಟು ಹೇಳಿದರೂ ಬಿಡುವುದಿಲ್ಲ, ಒಂದು ದಿನ ಯಾರಾದರೂ ಸಾಹೇಬರು ಕೇಳಿಸಿಕೊಂಡರೆ ಪಿಂಚಣಿಗೇ ಕಲ್ಲು ಬೀಳುತ್ತದೆ ಎಂಬ ದಿಗಿಲು ಅವರಿಗೆ ನಿವೃತ್ತರಾದ ಮೇಲೂ ಹೋಗಿರಲಿಲ್ಲ.

ಟೆಂಪ್ಲೇಟಿನ ಕೊನೆಯ ಪುಟದಲ್ಲಿ ಲೇಖಕರ ಪರಿಚಯಕ್ಕೆ ಹತ್ತು ಸಾಲಿನ ಜಾಗವಿತ್ತು. ಹೇಳಿ ಅಂದರೆ, "ನಂದೇನೈತಮ್ಮ ಪರಿಚಯ? ದನ ಹಿಡ್ಕಂಡೆ, ಕುರಿ ಹಿಡ್ಕಂಡೆ, ಡಾಕ್ಟ್ರು ಸೂಜಿ ಚುಚ್ಚಿದ್ರು," ಎಂದರು. ಕೊನೆಗೆ ಎರಡು ಸಾಲಾಯಿತು. ಉಳಿದ ಜಾಗ ತುಂಬಲು ಅವಳು ಅವರ ಫೋಟೋವನ್ನು ದೊಡ್ಡದು ಮಾಡಬೇಕಾಯಿತು.

* * *

ಹಟ್ಟಿಯ ಬಾಯಲ್ಲಿ ಆಟೋ ಇಳಿದಾಗ ಒಂದೂ ಕಾಲು. ಮನೆಯ ಮುಂದೆ ಶಾಮಿಯಾನದ ಕೆಳಗೆ ತಿಪ್ಪೇಶಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು ಕಟ್ಟಿದ ಗಂಡಸರು ನೂರಕ್ಕೂ ಹೆಚ್ಚು ಸೇರಿದ್ದರು. ಹಲವರ ಕೈಯಲ್ಲಿ ಹಸಿರು ರಟ್ಟಿನ ಪುಸ್ತಕ ಕಂಡಿತು. ಒಬ್ಬ ಮುದುಕ ಅದನ್ನು ತಲೆಕೆಳಗು ಹಿಡಿದುಕೊಂಡು ಚಿತ್ರ ನೋಡುತ್ತಿದ್ದ.

ಮಾರುತೇಶ್ ಜಗುಲಿಯ ಮೇಲೆ ಬಂಡಲ್ ಬಿಚ್ಚಿಟ್ಟುಕೊಂಡು ಕೂತಿದ್ದ. ಜಗಳೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬನೇ ಮಗ. ಮಣ್ಣು ಕೊಡುವ ಮಗನೆಂದು ಆಗಷ್ಟೇ ತಲೆಗೆ ನೀರು ಹಾಕಿದ್ದರು. ಒದ್ದೆ ಪಂಚೆ ಮೈಗೆ ಅಂಟಿತ್ತು.

"ಭಾನುವಾರ ಕುರಿ ಸಂಘದಾಗೆ ಎಲ್ರಿಗೂ ಕೊಡ್ಬೇಕು ಅಂತಿದ್ರು ಅಪ್ಪ. ಎಲ್ಲಾ ಇಲ್ಲೇ ಬಂದವ್ರಲ್ಲ ಅಕ್ಕ, ಅದ್ಕೇ ಇವತ್ತೇ..." ಅವನು ಬಂಡಲಿನ ದಾರ ಸುತ್ತತೊಡಗಿದ.

ಸುಚಿತ್ರಾ ಅವನನ್ನು ಗೋಡೆಯ ಮರೆಗೆ ಕರೆದು ಪುಟ ತೋರಿಸಿದಳು. ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಪುಸ್ತಕ ಮುಚ್ಚಿ ಅವಳ ಕೈಗೇ ಕೊಟ್ಟ.

"ಇವತ್ತು ಬ್ಯಾಡ ಅಕ್ಕ."

"ಇವತ್ತೇ ಯಾರಾದ್ರೂ ಕುಡಿಸಿದ್ರೆ?"

"ಮಣ್ಣಿಗೆ ಬಂದೋರು ಇವತ್ತೇನು ಕುಡಿಸ್ತಾರೆ? ನಾಡಿದ್ದು ಮನೆ ಮನೆಗೆ ನಾನೇ ಹೋಗಿ ತರ್ತೀನಿ. ಈಗ ಹೇಳಿದ್ರೆ ಜನ ಏನಂತಾರೆ ಹೇಳ್ರಿ. ತಿಪ್ಪೇಶಪ್ಪ ಡಾಕ್ಟ್ರಲ್ಲ ಪಾಕ್ಟ್ರಲ್ಲ, ಗೊತ್ತಿಲ್ದೇ ಬರ್ದ ಅಂತಾರೆ. ಇವತ್ತೊಂದಿನ ನಮ್ಮಪ್ಪನ ಮರ್ಯಾದೆ ಉಳೀಲಿ, ಕೈ ಮುಗಿತೀನಿ."

ಅವನು ನಿಜವಾಗಿಯೂ ಕೈ ಮುಗಿದ. ಅಷ್ಟರಲ್ಲಿ ಯಾರೋ ಹಿರಿಯರು ಕರೆದರೆಂದು ಹೋದ. ಸುಚಿತ್ರಾ ಗೋಡೆಗೆ ಒರಗಿ ನಿಂತಳು. ನಾಡಿದ್ದು ಎಂದರೆ ಅವಳಿಗೂ ಒಳ್ಳೆಯದೇ. ಇಷ್ಟು ಜನರ ಎದುರು ಬಾಯಿ ಬಿಡಬೇಕಾಗಿಲ್ಲ.

* * *

ಪ್ರೂಫ್ ನೋಡುವಾಗ ತಿಪ್ಪೇಶಪ್ಪ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಅವಳ ಕುರ್ಚಿಯ ಹಿಂದೆ ನಿಂತು, ಸಾಲಿನ ಕೆಳಗೆ ಪೆನ್ಸಿಲ್ ಹಿಡಿದು, "ಮರಿಗೆ ಇಷ್ಟು. ದೊಡ್ಡದಕ್ಕೆ ಇಷ್ಟು," ಎಂದು ಪ್ರತಿಯೊಂದನ್ನೂ ಎರಡೆರಡು ಸಲ. ಜೆರಾಕ್ಸ್‌ಗೆ ಬಂದವರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಒಂದು ದಿನ ಸುಚಿತ್ರಾಗೆ ತಾಳ್ಮೆ ತಪ್ಪಿತು.

"ಒಂದ್ಸಲ ಓದಿದ್ರೆ ಸಾಕಲ್ವೇನ್ರಿ? ನಾನೂ ನೋಡಿರ್ತೀನಿ."

ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತರು. ಜೆರಾಕ್ಸಿನವರು ಹೋದ ಮೇಲೆ ಹೇಳಿದರು.

"ಹೊನ್ನಾಳಿ ಕಡೆ ಒಂದು ಹಳ್ಳಿಯಾಗಿದ್ದೆ. ನಂಗಿನ್ನೂ ಮೂವತ್ತೂ ಆಗಿರ್ಲಿಲ್ಲ. ಡಾಕ್ಟ್ರು ರಜಾದಾಗಿದ್ರು. ಗಿಡ್ಡಮ್ಮ ಅಂತ ಒಬ್ಬಾಕೆ ಮಂಕರಿಯಾಗೆ ಒಂಬತ್ತು ಮರಿ ಹೊತ್ಕಂಡು ಬಂದ್ಲು. ಎಲ್ಲಾ ಬೇದಿ ಹತ್ತಿ ಸೊರಗಿದ್ವು. ನಾಳೆ ಬಾ ಅಂದ್ರೆ ಆಗ್ತಿತ್ತು. ನಂಗೂ ಬರ್ತತೆ ಅಂತ ತೋರ್ಸಬೇಕಿತ್ತು ನೋಡ್ರಿ. ಬಾಟ್ಲಿ ಮೇಲಿನ ಚೀಟಿ ನೋಡ್ದೆ, ಕುಡಿಸ್ದೆ. ದೊಡ್ಡದಕ್ಕೆ ಬರ್ದಿದ್ದ ಸಾಲು ಓದಿದ್ದೆ. ಬೆಳಗಾಗೋದ್ರಾಗೆ ಏಳು ಹೋದ್ವು."

"ಆಮೇಲೆ?"

"ಆಮೇಲೇನೈತೆ. ಯಾರೂ ಕೇಳ್ಲಿಲ್ಲ. ಸೊರಗಿದ್ವು, ಸತ್ವು. ಆಕೆನೂ ಹಂಗೇ ಅಂದ್ಲು. ನಾನು ಹೂಂ ಅಂದೆ."

ಅವರು ಪ್ಲಾಸ್ಟಿಕ್ ಕವರನ್ನು ನೀವಿ ನೀವಿ ಮಡಿಸಿದರು.

"ಹನ್ನೊಂದು ವರ್ಷ ಆದ್ಮೇಲೆ ನ್ಯಾಮತಿಗೆ ವರ್ಗ ಆತು. ಅಲ್ಲಿಂದ ಆಕೆ ಊರು ಹತ್ರ. ಒಂದು ದಿನ ಹೋದೆ. ಅಂಗಳದಾಗೆ ಕುಂತಿದ್ಲು. ಗಿಡ್ಡಮ್ಮಾರೆ, ಆ ಮರಿ ನಾನೇ ಕೊಂದಿದ್ದು, ಅಳತೆ ತಪ್ಪಿತ್ತು ಅಂದೆ. ಆಕೆ ಏನಂದ್ಲು ಗೊತ್ತಾ? ಅವತ್ತೇ ಗೊತ್ತಾಗಿತ್ತು ಕಣಪ್ಪ, ನೀನು ಯಾವಾಗ ಬಂದು ಹೇಳ್ತೀಯೋ ಅಂತ ನೋಡ್ತಿದ್ದೆ, ಅಂದ್ಲು. ಒಂದು ಲೋಟ ಮಜ್ಜಿಗೆ ಕೊಟ್ಲು. ಕುಡಿಯಾಕೆ ಆಗ್ಲಿಲ್ಲ ನಂಗೆ."

ಆ ವರ್ಷದಿಂದ ಅವರು ಬರೆದಿಡಲು ಶುರು ಮಾಡಿದ್ದು. ಯಾವ ಕಾಯಿಲೆಗೆ ಯಾವ ಗುರುತು, ಮರಿಗೆ ಎಷ್ಟು, ದೊಡ್ಡದಕ್ಕೆ ಎಷ್ಟು, ಡಾಕ್ಟರನ್ನು ಯಾವಾಗ ಕರೆಯಲೇಬೇಕು. ಬಂದ ಪ್ರತಿ ಡಾಕ್ಟರಿಗೂ ತೋರಿಸಿ ಅಂಕಿಯ ಪಕ್ಕ ರುಜು ಹಾಕಿಸಿಕೊಂಡಿದ್ದರು.

ಇಷ್ಟೆಲ್ಲ ಕೇಳಿಯೂ ಕೊನೆಯ ವಾರದಲ್ಲಿ ಅವಳು ಅವಸರ ಮಾಡಿದಳು. ಕುರಿಯವರ ಜೇಬಿಗೆ ಹಿಡಿಯುವಷ್ಟು ಚಿಕ್ಕದಿರಲಿ ಎಂದು ತಿಪ್ಪೇಶಪ್ಪ ಕೇಳಿಕೊಂಡದ್ದರಿಂದ ಪುಸ್ತಕದ ಅಳತೆ ಬದಲಾಯಿತು. ಅದಕ್ಕೆ ಬೇರೆ ಟೆಂಪ್ಲೇಟ್ ಬೇಕಾಯಿತು. ಹೊಸದರಲ್ಲಿ ಪಟ್ಟಿಗಳ ತಲೆಬರಹ ಮೊದಲೇ ಬರೆದಿತ್ತು, ದೊಡ್ಡದು ಮೊದಲು, ಮರಿ ಆಮೇಲೆ. ಒಂದೊಂದನ್ನೇ ತಿದ್ದುತ್ತ ಹೋಗುವಾಗ ಯಾರೋ ಲಗ್ನಪತ್ರಿಕೆಗೆ ಬಂದರು, ಎದ್ದಳು. ಮತ್ತೆ ಬಂದು ಕೂತಾಗ ಎಲ್ಲಿಗೆ ನಿಲ್ಲಿಸಿದ್ದೆನೆಂದು ನೋಡಲಿಲ್ಲ.

"ನಾನು ಬಂದು ಇನ್ನೊಂದ್ಸಲ ಓದ್ಲಾ?" ಎಂದು ಅವರು ಫೋನಿನಲ್ಲಿ ಕೇಳಿದ್ದರು. ಮಾತಾಡುವಾಗ ಏದುಸಿರು ಬರುತ್ತಿತ್ತು. "ಎದೆ ಯಾಕೋ ಹಿಡ್ಕಂತತೆ. ಆದ್ರೂ ಬರ್ತೀನಿ."

"ಬೇಡ ಬಿಡ್ರಿ. ಬರೀ ಸೈಜ್ ಬದ್ಲಾಗಿರೋದು," ಎಂದು ಅವಳು ಅವತ್ತೇ ಪ್ರೆಸ್ಸಿಗೆ ಕಳಿಸಿದ್ದಳು.

* * *

ದುರುಗಮ್ಮ ಗಂಡನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಅತ್ತು ಅತ್ತು ಧ್ವನಿ ಒಡೆದಿತ್ತು. ಸುಚಿತ್ರಾಳನ್ನು ನೋಡಿ ಕೈ ಹಿಡಿದು ಕೂರಿಸಿಕೊಂಡರು.

"ನಿನ್ನೆ ಮಧ್ಯಾಹ್ನ ಬಂತು ತಾಯಿ ಪುಸ್ತಕ. ಬಂದಾಗಿಂದ ಕೆಳಗಿಡ್ಲಿಲ್ಲ. ಪೆನ್ಸಿಲ್ ಹಿಡ್ಕಂಡು ಓದಿದ್ದೇ ಓದಿದ್ದು, ಇಸ್ಕೂಲ್ ಹುಡುಗ್ರಂಗೆ. ಇವತ್ತು ನಸುಕಿನಾಗೆ ಎದ್ದು ಮತ್ತೆ ಹಿಡಿದ. ಮೂವತ್ತೊಂದನೇ ಪುಟಕ್ಕೆ ಕನ್ನಡಕ ಇಟ್ಟು, ಚಾ ಕೊಡು ಅಂದ. ಚಾ ತರಾದ್ರಾಗೆ ಗ್ವಾಡಿಗೆ ವಾಲಿದ್ದ."

ಮೂವತ್ತೊಂದು. ಇನ್ನು ಹದಿನಾರು ಪುಟ ದಾಟಿದ್ದರೆ ಅವರೇ ಹಿಡಿದುಬಿಡುತ್ತಿದ್ದರು. "ಅಮ್ಮಾ," ಎಂದಳು ಸುಚಿತ್ರಾ. ಹಲಗೆಯವರ ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳಲಿಲ್ಲ. ದುರುಗಮ್ಮನ ಕಿವಿಗೆ ಬಗ್ಗಿ ಎಲ್ಲವನ್ನೂ ಹೇಳಿದಳು.

ದುರುಗಮ್ಮ ಗಂಡನ ಮುಖ ನೋಡಿ ಕೇಳಿದರು. "ಇವನು ಬರ್ದಿದ್ದು ತಪ್ಪಾ?"

"ಇಲ್ಲಮ್ಮ. ಅವ್ರು ಸರಿ ಬರ್ದಿದ್ರು. ನಾನು ತಪ್ಪು ಕೂರ್ಸಿದೆ."

ದುರುಗಮ್ಮ ನೆಲಕ್ಕೆ ಕೈ ಊರಿ ಎದ್ದರು. ಹಲಗೆಯವರ ಕಡೆ ಕೈ ಎತ್ತಿದರು. ಸದ್ದು ಒಮ್ಮೆಲೇ ನಿಂತಾಗ ಅಂಗಳದಲ್ಲಿ ಮಾತಾಡುತ್ತಿದ್ದವರೆಲ್ಲ ತಿರುಗಿದರು. ಮಾರುತೇಶ್ ಓಡಿ ಬಂದು, "ಅವ್ವಾ, ಬ್ಯಾಡ," ಎಂದ. ಅವರು ಅವನನ್ನು ನೋಡಲಿಲ್ಲ.

"ಪುಸ್ತಕ ಈಸ್ಕಂಡೋರೆಲ್ಲಾ ವಾಪಸ್ ತರ್ರಪ್ಪಾ. ಅದ್ರಾಗೆ ಒಂದು ಅಳತೆ ತಪ್ಪೈತೆ."

ಗುಜುಗುಜು ಎದ್ದಿತು. "ತಿಪ್ಪೇಶಣ್ಣ ಅಳತೆ ತಪ್ತಾನಾ?" ಎಂದು ಯಾರೋ ಗಟ್ಟಿಯಾಗಿಯೇ ಕೇಳಿದರು. ಸುಚಿತ್ರಾ ಎದ್ದು ನಿಂತಳು.

"ಅವ್ರದ್ದಲ್ರಿ. ಪುಸ್ತಕ ಜೋಡಿಸಿದ್ದು ನಾನು, ಚನ್ನಗಿರಿಯಿಂದ ಬಂದೀನಿ. ನಲವತ್ತೇಳನೇ ಪುಟದಾಗೆ ಮರೀದು ದೊಡ್ಡದಕ್ಕೆ, ದೊಡ್ಡದ್ದು ಮರಿಗೆ ಹೋಗೈತೆ. ಅವ್ರು ಇನ್ನೊಂದ್ಸಲ ಓದ್ತೀನಿ ಅಂದ್ರು. ನಾನೇ ಬೇಡ ಅಂದೆ."

ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಬಂದು ಪುಸ್ತಕವನ್ನು ಜಗುಲಿಯ ಮೇಲಿಟ್ಟರು. ಜೇಬಿನಲ್ಲಿ ಪೆನ್ನಿದ್ದವರು ಕೊಟ್ಟರು. ಅವಳು ಕೂತು, ಒಂದೊಂದು ಪ್ರತಿಯಲ್ಲೂ ತಲೆಬರಹ ಹೊಡೆದು ಮೇಲೆ ಸರಿಯಾದದ್ದನ್ನು ಬರೆಯತೊಡಗಿದಳು. ಬೆಳಿಗ್ಗೆಯಿಂದ ನಲವತ್ಮೂರು ಕೊಟ್ಟಿದ್ದೆನೆಂದು ಮಾರುತೇಶ್ ಹೇಳಿದ. ಜಗುಲಿಯ ಮೇಲೆ ನಲವತ್ತೆರಡು ಬಂದಿದ್ದವು.

"ಹನುಮಂತಪ್ಪ," ಎಂದ ಮಾರುತೇಶ್ ಇದ್ದಕ್ಕಿದ್ದಂತೆ. "ಬೆಳಿಗ್ಗೆ ಎಂಟಕ್ಕೇ ಬಂದು ಮುಖ ನೋಡ್ಕಂಡು ಹೋದ. ಕೆರೆ ಆಚೆ ಹೊಲದಾಗೆ ಅವ್ನ ಕುರಿ ಐತೆ, ಬಿಟ್ಟಿರಾಕೆ ಆಗಲ್ಲ ಅಂದ."

"ಅವ್ನು ಇವತ್ತು ಮರಿಗೆ ಹುಳದೌಸ್ದಿ ಹಾಕ್ತೀನಿ ಅಂತಿದ್ದ," ಎಂದಿತು ಹಿಂದಿನಿಂದ ಒಂದು ದನಿ. "ಬಾಟ್ಲಿ ತರಾಕೆ ನಿನ್ನೆ ನನ್ ಜೊತೇಲೇ ಪ್ಯಾಟಿಗೆ ಬಂದಿದ್ದ."

ಹನುಮಂತಪ್ಪನಿಗೆ ಫೋನ್ ಹೋಗಲಿಲ್ಲ. ಆಗ ಎರಡು ಗಂಟೆ ಐದು ನಿಮಿಷ. ಮಾರುತೇಶ್ ಬೈಕಿನ ಕೀಲಿಗೆ ಕೈ ಹಾಕಿದ. ಹಿರಿಯರೊಬ್ಬರು ಅಡ್ಡ ಬಂದರು.

"ನೀರು ಹಾಕಿಸ್ಕಂಡ ಮಗ ಹೊಸ್ಲು ಬಿಟ್ಟು ಹೋಗಾದೇನೋ? ಬ್ಯಾರೆ ಯಾರನ್ನಾರ ಕಳ್ಸು."

"ದಾರಿ ಇವ್ನಿಗೇ ಗೊತ್ತು," ಎಂದರು ದುರುಗಮ್ಮ. "ಹೋಗಪ್ಪ. ನಿಮ್ಮಪ್ಪ ಕಾಯ್ತಾನೆ. ಬದುಕಿದ್ದಾಗ ಯಾರಿಗೆ ಅವಸರ ಮಾಡಿದ್ದ?"

ಒದ್ದೆ ಪಂಚೆಯಲ್ಲೇ ಅವನು ಬೈಕ್ ಹತ್ತಿದ. ಸುಚಿತ್ರಾ ಹಿಂದೆ ಕೂತಳು.

ಕೆರೆಯ ಏರಿ ದಾಟಿ ಬಂಡಿ ಜಾಡಿಗೆ ಇಳಿದ ಮೇಲೆ ಬೈಕು ಕುಣಿಯತೊಡಗಿತು. ಮಾರುತೇಶನ ಬರಿಮೈ ಮೇಲೆ ಧೂಳು ಕೂತು ಕೆಸರಾಗುತ್ತಿತ್ತು. ಒಂದು ಕಡೆ ಜಾಡು ಎರಡಾಯಿತು. ಅವನು ಎಡಕ್ಕೆ ಹೋದ. ಅರ್ಧ ಮೈಲಿ ಹೋದ ಮೇಲೆ ಬೇಲಿ ಅಡ್ಡ ಸಿಕ್ಕಿತು. ತಿರುಗಿಸುವಾಗ ಬೈಕ್ ಆಫ್ ಆಯಿತು, ಮೂರು ಸಲ ಒದ್ದ ಮೇಲೆ ಹತ್ತಿತು.

"ಸತ್ತಿದ್ರೆ ಏನ್ ಮಾಡಾದು ಅಕ್ಕ?" ಎಂದು ಅವನು ತಿರುಗದೆಯೇ ಕೇಳಿದ.

"ಈಗ ಬಲಗಡೆ ಜಾಡು ಹಿಡಿ," ಎಂದಳು ಅವಳು.

ಶೇಂಗಾ ಕಿತ್ತ ಹೊಲದಲ್ಲಿ ಕುರಿಗಳು ಹರಡಿಕೊಂಡಿದ್ದವು. ಜಾಲಿ ಮರದ ಕೆಳಗೆ ಬಲೆ ಕಟ್ಟಿ ಮರಿಗಳನ್ನು ಕೂಡಿದ್ದರು. ಹನುಮಂತಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಎದುರು ಮೂರು ಮರಿಗಳು ಗೋಣಿಚೀಲದ ಮೇಲೆ ಮಲಗಿದ್ದವು. ಸೊಸೆ ಆಶಾ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಂಡು, ಅದೇ ಪುಟವನ್ನು ಮತ್ತೆ ಓದುತ್ತಿದ್ದಳು.

"ಮಾರುತಿ, ನೀನ್ಯಾಕೆ ಬಂದ್ಯೋ? ಮಣ್ಣು ಆತಾ?"

"ಕಾಕಾ, ಎಷ್ಟಕ್ಕೆ ಕುಡಿಸ್ದೆ?"

"ಮೂರಕ್ಕೆ." ಹನುಮಂತಪ್ಪ ಸೂಜಿ ತೆಗೆದ ಸಿರಿಂಜನ್ನು ಎತ್ತಿ ತೋರಿಸಿದ. "ಮೂರಕ್ಕೇ ಅರ್ಧ ಬಾಟ್ಲಿ ಹೋತು. ಡಾಕ್ಟ್ರಪ್ಪ ಹೇಳ್ತಿದ್ದ ಲೆಕ್ಕದಾಗೆ ಇದು ಇಪ್ಪತ್ತೈದು ಮರಿಗೆ ಬರ್ಬೇಕು. ಎಲ್ಲೋ ಏನೋ ಆಗೈತೆ ಅಂತ ನಿಂತೆ. ಇವ್ಳು ಓದ್ತಾಳೆ, ಇಲ್ಲ ಮಾವ, ಹಂಗೇ ಐತೆ ಅಂತಾಳೆ. ಪುಸ್ತಕದಾಗೆ ಡಾಕ್ಟ್ರಪ್ಪನ ಫೋಟ ಐತೆ. ಸುಳ್ಳು ಅನ್ನಾಕೆ ಬಾಯಿ ಬರ್ಲಿಲ್ಲ."

"ನನ್ ತಪ್ಪು," ಎಂದಳು ಸುಚಿತ್ರಾ. ನೆಲಕ್ಕೆ ಕೂತು, ಅಲ್ಲಿಯೂ ಹೇಳಿದಳು. ಈ ಸಲ ಮಾತು ಬೇಗ ಮುಗಿಯಿತು.

ಹನುಮಂತಪ್ಪ ಅವಳನ್ನು ನೋಡಿದ. ಕೋಪ ಬಂದಿತ್ತೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. "ಮೊದ್ಲು ಇವನ್ನ ನೋಡಾನ," ಎಂದ.

ಮಾರುತೇಶ್ ಸುಚಿತ್ರಾಳ ಫೋನ್ ಈಸಿಕೊಂಡು ಅಪ್ಪನ ಪರಿಚಯದ ಡಾಕ್ಟರಿಗೆ ಮಾಡಿದ. ಅವರು ಮಣ್ಣಿಗೆಂದು ಹಟ್ಟಿಯ ದಾರಿಯಲ್ಲೇ ಇದ್ದರು. ಬಾಟ್ಲಿಯ ಹೆಸರು ಕೇಳಿದರು, ಕುಡಿಸಿ ಎಷ್ಟು ಹೊತ್ತಾಯಿತೆಂದು ಕೇಳಿದರು, ನೆರಳಲ್ಲೇ ಇರಲಿ, ನಾನು ನೇರ ಅಲ್ಲಿಗೇ ಬರುತ್ತೇನೆ ಎಂದರು. ಮಾರುತೇಶ್ ಗಡಿಯಾರ ನೋಡಿಕೊಂಡ. ಎರಡು ನಲವತ್ತು.

"ನೀನು ಹೋಗು," ಎಂದಳು ಸುಚಿತ್ರಾ. "ನಾನಿಲ್ಲೇ ಇರ್ತೀನಿ."

"ಅಪ್ಪನ ಮಣ್ಣಿಗೆ ಅಂತ ಅಷ್ಟು ದೂರದಿಂದ ಬಂದೀರಿ ಅಕ್ಕ."

"ಹೋಗು ಮಾರುತೇಶ್."

ಬೈಕಿನ ಧೂಳು ಕೆರೆ ಏರಿಯ ಮೇಲೆ ಕರಗಿತು.

ಡಾಕ್ಟರು ಬಂದು ಮೂರಕ್ಕೂ ಇಂಜೆಕ್ಷನ್ ಕೊಟ್ಟರು. ಎರಡನ್ನು ಎತ್ತಿ ನಿಲ್ಲಿಸಿ ನೋಡಿದರು. "ಇವಕ್ಕೆ ಭಯ ಇಲ್ಲ," ಎಂದರು. ಮೂರನೆಯದು, ಕಿವಿ ಮಾತ್ರ ಕಪ್ಪಗಿದ್ದ ಬಿಳಿ ಮರಿ, ಕುತ್ತಿಗೆ ಎತ್ತುತ್ತಿರಲಿಲ್ಲ. ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, "ಸಂಜೆ ದಾಟಿದ್ರೆ ಉಳೀತು," ಎಂದರು. ಚೀಲ ಮುಚ್ಚುವಾಗ ಪುಸ್ತಕ ಕೈಗೆತ್ತಿಕೊಂಡು, ನಿಂತಲ್ಲೇ ಹಾಳೆ ತಿರುವಿದರು. "ಇದರಲ್ಲಿ ನಾನು ನೋಡಿ ರುಜು ಹಾಕಿದ್ದ ಪಟ್ಟಿಗಳೂ ಇದಾವೆ. ಪಾಪ, ಆಸ್ಪತ್ರೆ ಬಾಗಿಲು ಹಾಕೋವಾಗ ಬರೋರು, ಸರ್ ಒಂದು ನಿಮಿಷ ಅಂತ." ಮಣ್ಣಿಗೆ ಹೊತ್ತಾಯಿತೆಂದು ಹೊರಟರು. ಸುಚಿತ್ರಾಳನ್ನು ಬರುತ್ತೀರಾ ಎಂದು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಉಸಿರು ಒಂದು ಬಂದು, ಇನ್ನೊಂದು ಬರಲು ತಡವಾಗುತ್ತಿತ್ತು. ತಡವಾದಾಗಲೆಲ್ಲ ಅವಳೂ ಉಸಿರು ಹಿಡಿಯುತ್ತಿದ್ದಳು. ಆಶಾ ಬಟ್ಟೆ ಅದ್ದಿ ಅದರ ಬಾಯಿಗೆ ನೀರು ಹನಿಸುತ್ತಿದ್ದಳು. ಗಾಳಿ ಈ ಕಡೆ ಬೀಸಿದಾಗ ಹಟ್ಟಿಯಿಂದ ಹಲಗೆಯ ಸದ್ದು ಕೇಳುತ್ತಿತ್ತು. ಅದು ನಡೆದಿತ್ತು, ಊರ ಆಚೆಗೆ ಸರಿಯುತ್ತಿತ್ತು. ಒಂದು ಸಲ ಜೋರಾಯಿತು. ಆಮೇಲೆ ನಿಂತಿತು.

ಹನುಮಂತಪ್ಪ ರುಮಾಲು ತೆಗೆದು ಆ ಕಡೆ ತಿರುಗಿ ನಿಂತ. ಬಗ್ಗಿ ಹೊಲದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು, ಬೆರಳ ಸಂದಿಯಿಂದ ನಿಧಾನವಾಗಿ ಬಿಟ್ಟ. ಸುಚಿತ್ರಾಗೆ ಏಳಲಾಗಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ಒಂದು ಚಿಟಿಕೆ ತೆಗೆದುಕೊಂಡಳು.

ಬಿಸಿಲು ಇಳಿಯಿತು. ಬಲೆ ಬಿಚ್ಚಿದ ಮೇಲೆ ಉಳಿದ ಮರಿಗಳು ತಾಯಂದಿರ ಕಡೆ ನುಗ್ಗಿದವು. ಒಂದು ಕುರಿ ಮಾತ್ರ ಮಂದೆಯ ಸುತ್ತ ಎರಡು ಸಲ ಬಂದು, ಅರಚುತ್ತ ಜಾಲಿ ಮರದ ಹತ್ತಿರ ಬಂತು. ಸುಚಿತ್ರಾಳ ಮೊಣಕೈಯನ್ನು ಮೂತಿಯಿಂದ ತಳ್ಳಿ, ಕಪ್ಪು ಕಿವಿಯನ್ನು ನೆಕ್ಕತೊಡಗಿತು. ಮರಿ ಅವಳ ಸೀರೆಯ ಮೇಲೆಲ್ಲ ಉಚ್ಚೆ ಹೊಯ್ದಿತು. "ಹೊಯ್ಲಿ, ಹೊಯ್ಲಿ," ಎಂದ ಹನುಮಂತಪ್ಪ, ದನಿ ಏರಿಸದೆ.

ಅದು ಮುಂಗಾಲು ಊರಿತು. ಜಾರಿತು. ಮತ್ತೆ ಊರಿತು. ಹಿಂಗಾಲು ಅಗಲಿಸಿ ನಿಂತು, ನಡುಗುತ್ತ, ಕುರಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿತು. ಮೊದಲು ತೊಡೆಯನ್ನು ಚೀಪಿತು, ಆಮೇಲೆ ಕೆಚ್ಚಲು ಸಿಕ್ಕಿತು. ಮೂವರೂ ಅಲುಗಾಡದೆ ಅದರ ಬಾಲವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಅದು ಜೋತುಬಿದ್ದೇ ಇತ್ತು. ಆಮೇಲೆ ತುದಿಯಲ್ಲಿ ಒಮ್ಮೆ ಅದುರಿ, ಪಟಪಟ ಬಡಿಯತೊಡಗಿತು.